ಸೋಸಿದ ಬಾಟಲಿ

ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ನಮ್ಮ ಲ್ಯಾಬಿನಲ್ಲಿ ಎಲ್ಲರೂ ಹೇಳುತ್ತಾರೆ. ದಿನಕ್ಕೆ ಅರವತ್ತು ಜನರ ಮೂತ್ರದ ಬಾಟಲಿ ತೆರೆಯುವವಳ ಮೂಗಿನ ತುದಿಯಲ್ಲಿ ಇನ್ನೇನಿರಬೇಕು? ಆದರೆ ಆ ಬುಧವಾರದ ಸಿಟ್ಟಿನ ಕಾರಣ ಬೇರೆ. ಬಾಟಲಿ ನಮ್ಮ ದೊಡ್ಡಪ್ಪನದು.

ಅಪ್ಪ ಹೋದ ಮೇಲೆ ನನ್ನನ್ನು ಸಾಕಿ ಓದಿಸಿದವರು ಈ ದೊಡ್ಡಪ್ಪ. ನಲವತ್ತು ವರ್ಷ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿದ್ದರು, ಬಣ್ಣ ಬೆರೆಸುವ ಕೋಣೆಗೆ ಅವರೇ ಮೇಸ್ತ್ರಿ. ಒಂದೂವರೆ ವರ್ಷದ ಹಿಂದೆ ಮೂತ್ರಕೋಶದಲ್ಲಿ ಸಣ್ಣದೊಂದು ಗಡ್ಡೆ ಸಿಕ್ಕಿತು. ಕ್ಯಾನ್ಸರ್. ಕೆರೆದು ತೆಗೆದರು. ಇದು ಮರಳಿ ಬರುವ ಜಾತಿಯ ಕಾಯಿಲೆ, ಆದ್ದರಿಂದ ಮೂರು ತಿಂಗಳಿಗೊಮ್ಮೆ ಪೈಪು ಹಾಕಿ ಒಳಗೆ ನೋಡಬೇಕು. ಪೈಪು ಎಲ್ಲಿಂದ ಹಾಕುತ್ತಾರೆ ಅಂತ ಬಿಡಿಸಿ ಹೇಳುವುದಿಲ್ಲ. ಐದು ಸಲ ಹಲ್ಲು ಕಚ್ಚಿಕೊಂಡು ಹೋದ ದೊಡ್ಡಪ್ಪ ಆರನೆಯ ಸಲ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ಯೂರಿನ್ ಎಷ್ಟು ಬೇಕಾದ್ರೂ ಕೊಡ್ತೀನಿ. ಆ ಪೈಪ್ ಮಾತ್ರ ಬೇಡ," ಅಂದರು.

ಸರ್ಜನ್ ಸೋತು ಎರಡು ಮೂತ್ರ ಪರೀಕ್ಷೆ ಬರೆದುಕೊಟ್ಟರು. "ಇದು ಪೈಪಿಗೆ ಸಮ ಅಲ್ಲ. ಏನೂ ಇಲ್ಲದ್ದಕ್ಕಿಂತ ವಾಸಿ, ಅಷ್ಟೆ. ಎರಡರಲ್ಲಿ ಒಂದು ಕೆಟ್ಟರೂ ಬರಲೇಬೇಕು."

ಮೊದಲನೆಯದು ನಮ್ಮ ಗಾಜಿನ ಡಾಕ್ಟರದು. ಹಗಲೆಲ್ಲ ಗಾಜಿನ ಸ್ಲೈಡುಗಳ ಮೇಲೆ ಕಣ್ಣು ನೆಟ್ಟು ಕೂರುತ್ತಾರೆ ಅಂತ ನಾವಿಟ್ಟ ಹೆಸರು. ಮೂತ್ರದಲ್ಲಿ ಉದುರಿ ಬಂದ ಜೀವಕೋಶಗಳನ್ನು ಅವರು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಎರಡನೆಯದು ನನ್ನದು, ನಾಲ್ಕು ಹನಿ ಬಿಟ್ಟು ಅರ್ಧ ಗಂಟೆ ಕಾಯುವ ಪಟ್ಟಿ. ಒಂದು ಗೆರೆ ಬಂದರೆ ನೆಮ್ಮದಿ, ಎರಡು ಬಂದರೆ ಅನುಮಾನ. ಜೀವಕೋಶದ ನಡುವಿನ ಕೋಶಕೇಂದ್ರದೊಳಗೆ ಪ್ರೋಟೀನುಗಳ ಒಂದು ಹಂದರ ಇರುತ್ತದೆ. ಕ್ಯಾನ್ಸರ್ ಕೋಶಗಳಲ್ಲಿ ಆ ಪ್ರೋಟೀನು ವಿಪರೀತ, ಕೋಶ ಸತ್ತಾಗ ಹಂದರ ಮುರಿದು ಮೂತ್ರಕ್ಕೆ ಬರುತ್ತದೆ. ನನ್ನ ಪಟ್ಟಿ ಹಿಡಿಯುವುದು ಅದನ್ನೇ.

ದೊಡ್ಡಪ್ಪನ ಪಟ್ಟಿಯಲ್ಲಿ ಎರಡು ಗೆರೆ ಬಂತು.

ಗಾಜಿನ ಡಾಕ್ಟರ ಹತ್ತಿರ ಓಡಿದೆ. ಅವರು ಕಣ್ಣೆತ್ತದೆ ಹೇಳಿದರು, "ಕೆಟ್ಟ ಕೋಶ ಕಾಣಲಿಲ್ಲ. ನಿನ್ನ ಪಟ್ಟಿ ಸುಳ್ಳು ಹೇಳೋದು ಹೊಸದೇನಲ್ಲ. ಹೋದ ತಿಂಗಳು ಕಿಡ್ನಿ ಕಲ್ಲಿದ್ದವರಿಗೆಲ್ಲ ಕ್ಯಾನ್ಸರ್ ಅಂದಿತ್ತಲ್ಲ."

"ದೊಡ್ಡಪ್ಪನಿಗೆ ಕಲ್ಲೂ ಇಲ್ಲ, ಸೋಂಕೂ ಇಲ್ಲ ಸರ್, ನೋಡಿದ್ದೀನಿ."

"ಸ್ಲೈಡಲ್ಲಿ ಕೋಶಗಳೇ ಕಡಿಮೆ. ಇನ್ನೊಂದು ಸ್ಯಾಂಪಲ್ ಬೇಕು ಅಂತ ರಿಪೋರ್ಟಿನ ಕೆಳಗೆ ಬರೆದಿದ್ದೀನಿ, ನೋಡು."

ದೊಡ್ಡಪ್ಪ ರಿಪೋರ್ಟಿನ ಮೇಲಿನ ಸಾಲು ಓದಿದರು, ಕೆಳಗಿನದನ್ನು ಓದಲಿಲ್ಲ. ಎರಡು ಗೆರೆಯ ವಿಷಯ ಫೋನಿನಲ್ಲಿ ಹೇಳಿದರೆ, "ದೊಡ್ಡ ಡಾಕ್ಟರೇ ಏನೂ ಇಲ್ಲ ಅಂದ್ರಲ್ಲ, ನಿನ್ನ ಕಾಗದದ ತುಂಡಿಗೆ ಹೆದರಬೇಕಾ?" ಅಂದರು. ಹಿಂದಿನಿಂದ ದೊಡ್ಡಮ್ಮನ ದನಿ ಕೇಳಿಸಿತು. "ಎರಡು ಗೆರೆಯಂತಾ? ಈ ವಯಸ್ಸಲ್ಲಿ ಇವರಿಗೆ ಬಾಣಂತನ ನಾನು ಮಾಡಲ್ಲಪ್ಪ." ನಾನು ನಗಲಿಲ್ಲ. ಲ್ಯಾಬಿನವರು ಸಿಟ್ಟು ಅಂದುಕೊಂಡದ್ದು ನಿಜಕ್ಕೂ ಭಯ. ಇನ್ನೊಮ್ಮೆ ಅಪ್ಪನನ್ನು ಕಳೆದುಕೊಳ್ಳುವ ಶಕ್ತಿ ನನಗಿರಲಿಲ್ಲ.

ಮರುದಿನ ಬೆಳಿಗ್ಗೆ ಹೊಸ ಬಾಟಲಿ ಹಿಡಿದು ಮನೆಗೇ ಹೋದೆ. ಮನೆ ಆಸ್ಪತ್ರೆಯ ಹಿಂದಿನ ಬೀದಿಯಲ್ಲೇ ಇದೆ. ಕೊಡದೆ ಏಳುವುದಿಲ್ಲ ಅಂತ ಪಟ್ಟು ಹಿಡಿದು ಕೂತೆ. ಗೊಣಗುತ್ತ ಬಚ್ಚಲಿಗೆ ಹೋದ ದೊಡ್ಡಪ್ಪ ಐದು ನಿಮಿಷದಲ್ಲಿ ಬರಿಗೈಯಲ್ಲಿ ಬಂದರು.

"ಎಲ್ಲಿ?"

"ಒಂದು ಗಂಟೆ ಇರು. ಟೀ ಕುಡಿ."

"ಬಾಟಲಿ ಕೊಡೋಕೆ ಒಂದು ಗಂಟೆ ಯಾಕೆ?"

"ಮೊನ್ನೇನೂ ಹೀಗೇ," ಅಂದರು ದೊಡ್ಡಮ್ಮ. "ಬಚ್ಚಲಲ್ಲಿ ಕಾರ್ಖಾನೆ ನಡೆಸ್ತಾರೆ."

ನಾನೇ ಹೋಗಿ ಬಚ್ಚಲ ಬಾಗಿಲು ತಳ್ಳಿದೆ. ಕಿಟಕಿಯ ಕಟ್ಟೆಯ ಮೇಲೆ ಒಂದು ಗಾಜಿನ ಜಾಡಿ, ಅದರ ತಳದಲ್ಲಿ ಮೋಡದಂತೆ ತಂಗುತ್ತಿದ್ದ ಬಗ್ಗಡ. ಪಕ್ಕದಲ್ಲಿ ಸ್ಟೀಲಿನ ಆಲಿಕೆ, ಅದರೊಳಗೆ ನಾಲ್ಕು ಮಡಿಕೆ ಮಾಡಿಟ್ಟ ಬಿಳಿ ಬಟ್ಟೆ.

ದೊಡ್ಡಪ್ಪ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದರು. "ಹಾಗೇ ಕೊಡೋಕಾಗುತ್ತೇನಮ್ಮ? ನೀನು ಮಗಳು. ಕದಡಿದ್ದನ್ನ ನಿನ್ನ ಕೈಗೆ ಹೇಗೆ ಕೊಡಲಿ? ತಂಗಿಸಿ, ತಿಳಿ ಬಸಿದು, ಸೋಸಿ ಕೊಟ್ಟೆ. ಸೋಸದೇ ಇರೋ ಬಣ್ಣ ನಲವತ್ತು ವರ್ಷದಲ್ಲಿ ಒಬ್ಬರ ಕೈಗೂ ಕೊಟ್ಟವನಲ್ಲ ನಾನು."

ಬಯ್ಯಬೇಕು ಅಂತ ಬಾಯಿ ತೆರೆದೆ. ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ನನ್ನ ಕೈ ಹೊಲಸಾಗಬಾರದು ಅಂತ ಈ ಮನುಷ್ಯ ತನ್ನ ಜೀವವನ್ನೇ ಪಣಕ್ಕಿಟ್ಟಿದ್ದರು.

"ದೊಡ್ಡಪ್ಪ, ಡಾಕ್ಟರಿಗೆ ಬೇಕಾಗಿದ್ದು ಆ ಬಗ್ಗಡವೇ. ಕೋಶಗಳಿರೋದು ಅದರಲ್ಲಿ. ಮೊನ್ನೆ ಅರ್ಧ ಜಾಡೀಲಿ ಉಳೀತು, ಅರ್ಧ ಬಟ್ಟೇಲಿ. ಅವರಿಗೆ ಸ್ಲೈಡಲ್ಲಿ ಏನು ಕಾಣಬೇಕು?"

ಅವರು ಜಾಡಿಯ ಕಡೆ ನೋಡಿ ಕೇಳಿದರು, "ಹಾಗಿದ್ರೆ ನಿನ್ನ ಪಟ್ಟಿಗೆ ಹೇಗೆ ಸಿಕ್ತು?"

"ಅದು ಹುಡುಕೋದು ಕೋಶವನ್ನಲ್ಲ. ಕೋಶ ಸತ್ತು, ಒಳಗಿನ ಹಂದರ ಮುರಿದು ನೀರಲ್ಲಿ ಕರಗಿರುತ್ತಲ್ಲ, ಆ ಪ್ರೋಟೀನನ್ನ."

ದೊಡ್ಡಪ್ಪ ಆಲಿಕೆಯಿಂದ ಬಟ್ಟೆ ತೆಗೆದು, ಮಡಿಕೆ ಬಿಚ್ಚಿ, ಬೆಳಕಿಗೆ ಹಿಡಿದು ನೋಡಿದರು. ಮೇಸ್ತ್ರಿಯಾಗಿ ಎಷ್ಟು ಸಾವಿರ ಸಲ ಹಾಗೆ ನೋಡಿದ್ದರೋ.

"ಕರಗಿದ್ರೆ ಸೋಸಕ್ಕಾಗಲ್ಲ," ಅಂದರು ನಿಧಾನಕ್ಕೆ. "ಬಟ್ಟೇಲಿ ಕಸ ನಿಲ್ಲುತ್ತೆ, ಬಣ್ಣ ಇಳಿದುಹೋಗುತ್ತೆ. ಅಂದ್ರೆ ಅದು ಇದೆ."

ನಾನು ತಲೆಯಾಡಿಸಿದೆ. ಅವರು ಬಟ್ಟೆಯನ್ನು ಮುದ್ದೆ ಮಾಡಿ ಬಕೆಟ್ಟಿಗೆ ಹಾಕಿದರು. "ಪೈಪಿಗೆ ಯಾವತ್ತು ಬರಬೇಕು, ಕೇಳು."

ಜಾಡಿಯಲ್ಲಿದ್ದದ್ದನ್ನು ಕುಲುಕಿ, ಪೂರ್ತಿ ಬಾಟಲಿಗೆ ಸುರಿದುಕೊಂಡು ಹೋದೆ. ಮಧ್ಯಾಹ್ನ ಗಾಜಿನ ಡಾಕ್ಟರು ಕರೆದು ತಮ್ಮ ಕುರ್ಚಿ ನನಗೆ ಬಿಟ್ಟುಕೊಟ್ಟರು. ಮೈಕ್ರೋಸ್ಕೋಪಿನಲ್ಲಿ ಗುಂಪು ಗುಂಪು ಕೋಶಗಳು, ಊದಿಕೊಂಡು ಕಪ್ಪಾದ ಕೋಶಕೇಂದ್ರಗಳು. "ನಿನ್ನ ಪಟ್ಟಿಗೆ ನಾನು ಒಂದು ಟೀ ಬಾಕಿ," ಅಂದರು. ಅವರ ಬಾಯಲ್ಲಿ ಇದು ದೊಡ್ಡ ಮಾತು.

ಮುಂದಿನ ವಾರ ಪೈಪಿನಲ್ಲಿ ಕಂಡದ್ದು ಎರಡೇ ಗಂಟು, ಸಾಸಿವೆಯಷ್ಟು. ಗೋಡೆಯೊಳಗೆ ಇಳಿದಿರಲಿಲ್ಲ, ಪೂರ್ತಿ ತೆಗೆದರು. "ಇನ್ನಾರು ತಿಂಗಳು ಬಿಟ್ಟಿದ್ದಿದ್ರೆ ಇಷ್ಟು ಸಲೀಸಾಗಿ ಮಾತಾಡ್ತಿರಲಿಲ್ಲ ನಾನು," ಅಂದರು ಸರ್ಜನ್.

ಮೂರು ತಿಂಗಳ ನಂತರ ಲ್ಯಾಬಿನ ಕಿಟಕಿಯಲ್ಲಿ ದೊಡ್ಡಪ್ಪ ಕಾಣಿಸಿಕೊಂಡರು. ಪೇಪರು ಸುತ್ತಿದ ಬಾಟಲಿಯನ್ನು ಆಚೀಚೆ ನೋಡಿ, ಮುಖ ತಿರುಗಿಸಿಕೊಂಡು ನನ್ನ ಕೈಗಿಟ್ಟರು. ಬಿಚ್ಚಿ ನೋಡಿದರೆ ಇದ್ದದ್ದು ಇದ್ದ ಹಾಗೆ, ಮಬ್ಬು ಮಬ್ಬಾಗಿತ್ತು.

"ಸೋಸಿಲ್ಲ," ಅಂದರು. "ಬಯ್ಕೋಬೇಡ."

ನಾಲ್ಕು ಹನಿ ಬಿಟ್ಟು ಕಾದೆ. ಅರ್ಧ ಗಂಟೆ ಕಳೆಯಿತು, ಒಂದೇ ಗೆರೆ. ಇನ್ನೂ ಐದು ನಿಮಿಷ ಸುಮ್ಮನೆ ನೋಡುತ್ತಾ ಕೂತೆ, ಎರಡನೆಯದು ಬರಲಿಲ್ಲ. ಹೇಳೋಣ ಅಂತ ಹೊರಗೆ ಓಡಿದರೆ ಬೆಂಚಿನಲ್ಲಿ ದೊಡ್ಡಪ್ಪ ಇರಲಿಲ್ಲ. ಪೈಪಿನ ಕೋಣೆಯ ಮುಂದೆ, ಚೀಟಿ ಹಿಡಿದುಕೊಂಡು, ಸಾಲಿನಲ್ಲಿ ಮೂರನೆಯವರಾಗಿ ಕೂತಿದ್ದರು.