ಮುಖ ನೋಡಿ ಬರೆದ ಲೆಕ್ಕ

ರುಸ್ನಾ ಪಾತಿನ್ ಮೀನಿನ ಸಾರಿಗೆ ಹುದುಗಿಸಿದ ಡುರಿಯನ್ ಹಣ್ಣು ಕದಡುತ್ತಿದ್ದಾಗ ಫೋನ್ ಬಡಿದುಕೊಂಡಿತು. ಅವಳು ಸೌಟನ್ನು ಗಂಡ ಬಹಾರಿನ್‌ನ ಕೈಗೆ ತುರುಕಿ, ಒದ್ದೆ ಕೈಯಲ್ಲೇ ಫೋನೆತ್ತಿದಳು.

"ಮಾಕ್, ವಿಜ್ಞಾನದ್ದು ನಾಲ್ಕನೇ ಪ್ರಶ್ನೆ," ಎಂದಳು ಮಗಳು ದಲೀಲಾ. ಊಟವಾಯಿತೇ, ಹೇಗಿದ್ದೀಯ ಎಂಬ ಮಾತೇ ಇಲ್ಲ.

"ಓದು."

"ಸಸ್ಯಕೋಶಕ್ಕೂ ಪ್ರಾಣಿಕೋಶಕ್ಕೂ ಇರುವ ವ್ಯತ್ಯಾಸವೇನು?"

"ಬರ್ಕೋ. ಸಸ್ಯಕೋಶಕ್ಕೆ ಹೊರಗೋಡೆ ಇದೆ..."

ಅಷ್ಟರಲ್ಲಿ ಆ ಕಡೆಯಿಂದ ಯಾರೋ ಕೂಗಿದರು: "ಏಯ್ ದಲೀಲಾ, ಟ್ಯೂಷನ್ ಮುಗೀತಾ? ನಮಗೂ ಅಮ್ಮಂದಿರಿದ್ದಾರೆ ಕಣೇ!"

"ಯಾರದು ಅರಚೋದು?"

"ಇಫ್ಫಾ. ನನ್ನ ಪಕ್ಕದ ಮಂಚದವಳು. ಅವಳೂ ಮನೆಗೆ ಫೋನ್ ಮಾಡ್ಬೇಕಂತೆ."

"ಕಾಯಲಿ. ಬರ್ಕೊಂಡ್ಯಾ? ಹೊರಗೋಡೆ ಇದೆ..."

ಬೆಟ್ಟದ ಮೇಲಿನ ಆ ವಸತಿ ಶಾಲೆಯಲ್ಲಿ ಮಕ್ಕಳು ಮೊಬೈಲ್ ಇಟ್ಟುಕೊಳ್ಳುವಂತಿಲ್ಲ. ಹಾಸ್ಟೆಲ್ಲಿನ ಮೆಟ್ಟಿಲ ಬುಡದಲ್ಲಿ ಒಂದು ಫೋನಿದೆ, ಸಂಜೆ ಅದರ ಮುಂದೆ ಹುಡುಗಿಯರ ಸಾಲು. ತಮ್ಮೂರು ತೆಮರ್ಲೋದಿಂದ ಆ ಶಾಲೆಗೆ ಆಯ್ಕೆಯಾದವರು ಬೆರಳೆಣಿಕೆಯಷ್ಟು ಮಕ್ಕಳು. ಹೆಸರು ಬಂದ ದಿನ ರುಸ್ನಾ ಬೀದಿಗೆಲ್ಲ ಸಿಹಿ ಹಂಚಿದ್ದಳು. ಆದರೆ ಮಗಳು ಹಾಸ್ಟೆಲ್ ಸೇರಿದ ಮೊದಲ ವಾರದಿಂದಲೇ ಈ ಫೋನು ಶುರುವಾಗಿತ್ತು.

ಫೋನಿಟ್ಟು ಬಂದಾಗ ಸಾರು ತಳ ಹಿಡಿದಿತ್ತು. ಬಹಾರಿನ್ ಸೌಟು ಹಿಡಿದು ಸುಮ್ಮನೆ ನಿಂತಿದ್ದ.

"ಅಬಾಂಗ್, ಕದಡಬಾರದಿತ್ತಾ?" ಗಂಡನನ್ನು ಅವಳು ಅಬಾಂಗ್ ಎಂದೇ ಕರೆಯುತ್ತಿದ್ದಳು.

"ನೀನು ಹೇಳ್ಲಿಲ್ಲವಲ್ಲ! ಈ ಮನೇಲಿ ನೀನು ಹೇಳದೆ ಯಾರಾದ್ರೂ ಏನಾದ್ರೂ ಮಾಡಿದ್ದುಂಟಾ?" ಎಂದು ನಕ್ಕ. "ಮುಂದಿನ ಪರೀಕ್ಷೆಗೆ ನಿನ್ನಳತೆಗೇ ಒಂದು ಸಮವಸ್ತ್ರ ಹೊಲ್ಕೊಂಡು ನೀನೇ ಹೋಗಿ ಬರಿ. ನೂರಕ್ಕೆ ನೂರು ಬರುತ್ತೆ."

ರುಸ್ನಾ ಪಾತ್ರೆಯನ್ನು ಕುಕ್ಕಿದಳು. ಇವರಿಗೇನು ಗೊತ್ತು? ಅವಳು ಹದಿನೈದು ತುಂಬುವ ಮುಂಚೆಯೇ ಶಾಲೆ ಬಿಟ್ಟಿದ್ದಳು. ಅವಳ ತಾಯಿ ನದಿ ದಡದ ಸಂತೆಯಲ್ಲಿ ಅನ್ನದಂಗಡಿ ಇಟ್ಟಿದ್ದಳು, ಅಲ್ಲಿ ತಟ್ಟೆ ತೊಳೆಯಲು ಕೈ ಬೇಕಿತ್ತು. 'ಓದಿದ್ಯಾ?' ಎಂದು ಅವಳನ್ನು ಒಬ್ಬರೂ ಕೇಳಿದ್ದಿಲ್ಲ. ಹಾಗಾಗಿ ದಲೀಲಾ ಒಂದನೇ ತರಗತಿಗೆ ಹೋದಾಗ ರುಸ್ನಾ ತನ್ನ ಹೊಲಿಗೆ ಯಂತ್ರದ ಪಕ್ಕಕ್ಕೇ ಮಗಳ ಮೇಜು ಎಳೆದುಕೊಂಡಳು. ಮಗಳ ಪ್ರತಿ ಪಾಠವನ್ನೂ ಮೊದಲು ತಾನು ಓದಿದಳು, ಗೊತ್ತಾಗದ್ದನ್ನು ಅವರಿವರನ್ನು ಕೇಳಿ ಕಲಿತಳು. ಮಗಳು ಮೇಲಿನ ತರಗತಿಗೆ ಹೋದಂತೆಲ್ಲ ತಾನೂ ಒಂದೊಂದು ಮೆಟ್ಟಿಲು ಹತ್ತುತ್ತಿರುವಂತೆ ಅವಳಿಗನ್ನಿಸುತ್ತಿತ್ತು.

ಕೆಲವೇ ದಿನಗಳಲ್ಲಿ ಹಾಸ್ಟೆಲ್ಲಿನ ಮೇಲ್ವಿಚಾರಕಿ ಚಿಕ್ಗು ಫೌಜಿಯಾ ಫೋನ್ ಮಾಡಿದರು. ದಲೀಲಾಗೆ ಗಣಿತ ಕಲಿಸುವವರೂ ಅವರೇ, ಅದಕ್ಕೇ 'ಚಿಕ್ಗು', ಅಂದರೆ ಟೀಚರ್. ಇನ್ನು ಮುಂದೆ ಒಬ್ಬೊಬ್ಬರಿಗೆ ಐದೇ ನಿಮಿಷದ ಫೋನು, ಅದೂ ಕ್ಷೇಮ ಸಮಾಚಾರಕ್ಕೆ ಮಾತ್ರ ಎಂದರು. ರುಸ್ನಾಗೆ ಮೈ ಉರಿಯಿತು. ಆದರೆ ಅವಳೇನು ಕಡಿಮೆಯವಳೇ! ಶನಿವಾರದ ಭೇಟಿಗೆ ಹೋಗುವಾಗ ವಾರದ ಪಾಠಗಳನ್ನೆಲ್ಲ ಸಾರ ತೆಗೆದು, ಬಣ್ಣದ ಪೆನ್ನಿನಲ್ಲಿ ಬರೆದು, ಊಟದ ಡಬ್ಬಿಯ ಜೊತೆ ಕೊಂಡೊಯ್ದಳು. ಮಗಳು ಒಂದು ಕೈಯಲ್ಲಿ ಉಣ್ಣುತ್ತ ಇನ್ನೊಂದರಲ್ಲಿ ನಕಲು ಮಾಡಿದಳು. ಬೇರೆ ಮಕ್ಕಳು ಮರದಡಿ ಅಪ್ಪ ಅಮ್ಮಂದಿರ ಜೊತೆ ಹರಟುತ್ತಿದ್ದರು. ಬಹಾರಿನ್ ವ್ಯಾನಿನಲ್ಲಿ ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡು ಮಲಗಿದ.

ಮೊದಲ ಪರೀಕ್ಷೆಯ ಫಲಿತಾಂಶ ಬಂತು. ಗಣಿತದಲ್ಲಿ ದಲೀಲಾ ಫೇಲಾಗಿದ್ದಳು.

ಆ ಸಂಜೆ ಫೋನಿನಲ್ಲಿ ಅವಳು ಅಳುತ್ತಿದ್ದಳು. "ಮಾಕ್, ನನ್ನನ್ನ ಮನೆಗೆ ಕರ್ಕೊಂಡು ಹೋಗು. ನೀನಿಲ್ಲದೆ ನನ್ನ ಕೈಲಾಗಲ್ಲ."

ಆ ಮಾತು ಕೇಳಿ ರುಸ್ನಾಳ ಕಣ್ಣಲ್ಲಿ ನೀರು ಬಂತು. ಆದರೆ ಅದಕ್ಕೂ ಮೊದಲು, ಅವಳಿಗೇ ತಿಳಿಯದಂತೆ, ಎದೆಯೊಳಗೆ ಏನೋ ಹಿತವೆನಿಸಿತ್ತು.

"ಶನಿವಾರ ಕರ್ಕೊಂಡು ಬಂದ್ಬಿಡೋಣ," ಎಂದಳು ಗಂಡನಿಗೆ. "ಇಲ್ಲೇ ಊರಿನ ಶಾಲೆಗೆ ಹಾಕಿದ್ರಾಯ್ತು."

ಎಂದೂ ದನಿ ಏರಿಸದ ಬಹಾರಿನ್ ಅಂದು ಏರಿಸಿದ. "ಆಮೇಲೆ? ಕಾಲೇಜಿಗೂ ಜೊತೆಗೆ ಹೋಗ್ತೀಯಾ? ಮದುವೆಯಾದ್ರೆ ಅತ್ತೆಮನೇಲೂ ಮೇಜು ಎಳ್ಕೊಂಡು ಕೂತ್ಕೋತೀಯಾ?"

"ನಾನು ಕೂತಿದ್ದಕ್ಕೇ ಅವಳು ಆ ಶಾಲೆ ಮೆಟ್ಟಿಲು ಹತ್ತಿದ್ದು!"

"ಹತ್ತಿದ್ದು ಹೌದು. ಈಗ ನಿಲ್ಲೋಕೆ ಬರ್ತಿಲ್ಲವಲ್ಲ."

ಶನಿವಾರ ಶಾಲೆ ತಲುಪಿದ್ದೇ ರುಸ್ನಾ ನೇರವಾಗಿ ಚಿಕ್ಗು ಫೌಜಿಯಾರ ಮುಂದೆ ನಿಂತಳು. "ನಿಮ್ಮ ಶಾಲೆಯಲ್ಲಿ ಪಾಠ ಮಾಡ್ತೀರೋ ಇಲ್ಲವೋ? ನಮ್ಮ ಹುಡುಗಿ ಊರಿನ ಶಾಲೇಲಿ ಮೊದಲನೇ ಸ್ಥಾನದಿಂದ ಕೆಳಗಿಳಿದವಳೇ ಅಲ್ಲ. ಇಲ್ಲಿಗೆ ಬಂದು ಫೇಲು!"

ಫೌಜಿಯಾ ದಣಿದಿದ್ದರು. ಬೆಳಗಿನಿಂದ ಇಂಥದೇ ದೂರು ಹೊತ್ತು ಬಂದ ನಾಲ್ಕೈದು ತಾಯಂದಿರಿಗೆ ಉತ್ತರ ಹೇಳಿ ಅವರ ಗಂಟಲು ಒಣಗಿತ್ತು. "ಪುವಾನ್, ಕೂತ್ಕೊಳ್ಳಿ. ನಿಮ್ಮ ಮಗಳಿಗೆ ಬುದ್ಧಿ ಇಲ್ಲ ಅಂತ ನಾನು ಹೇಳಲ್ಲ. ಪರೀಕ್ಷೇಲಿ ಅವಳು ಒಂದು ಲೆಕ್ಕ ಮಾಡಿ, ಪೆನ್ನು ಕೆಳಗಿಟ್ಟು ಕೂತಿದ್ಲು. ಯಾಕಮ್ಮ ಅಂದ್ರೆ, 'ಇದು ಸರಿನಾ ಅಂತ ಗೊತ್ತಾಗದೆ ಮುಂದಿನದು ಹೇಗೆ ಮಾಡ್ಲಿ?' ಅಂದ್ಲು."

"ಅಂದ್ರೆ ನಾನು ಕಲಿಸಿದ್ದು ತಪ್ಪಾ? ನನ್ನ ಪಕ್ಕ ಯಾರೂ ಕೂತಿರ್ಲಿಲ್ಲ, ಚಿಕ್ಗು. ನನ್ನ ಗತಿ ಏನಾಯ್ತು ನೋಡಿ. ಮಗಳಿಗೆ ಹಾಗಾಗಬಾರ್ದು ಅಂತ ಒಂದನೇ ತರಗತಿಯಿಂದ ಇಲ್ಲೀವರೆಗಿನ ಪುಸ್ತಕ ಎಲ್ಲ ಅರೆದು ಕುಡಿದಿದ್ದೀನಿ."

ಫೌಜಿಯಾ ಮೆಲ್ಲಗೆ ಹೇಳಿದರು: "ನೀವು ತುಂಬಾ ಚೆನ್ನಾಗಿ ಓದಿದ್ದೀರಿ, ಪುವಾನ್. ಅವಳು ಓದಿಲ್ಲ."

ರುಸ್ನಾಗೆ ಕೆನ್ನೆಗೆ ಬಾರಿಸಿದಂತಾಯಿತು. ಅಷ್ಟರಲ್ಲಿ ದಲೀಲಾ ಬಂದಳು. ಬಟ್ಟೆಯ ಚೀಲ ಆಗಲೇ ಅವಳ ಹೆಗಲಲ್ಲಿತ್ತು.

"ಹೋಗೋದಾದ್ರೆ ಹೋಗಲಿ, ನಾನು ತಡೆಯಲ್ಲ," ಎಂದರು ಫೌಜಿಯಾ. "ಒಂದೇ ಒಂದು ಲೆಕ್ಕ ಮಾಡಿ ಹೋಗಲಿ. ನೀವು ಎದುರಿಗೇ ಕೂತಿರಿ. ಆದ್ರೆ ಮಾತಾಡಬೇಡಿ."

ಹಾಳೆಯ ಮೇಲೆ ಲೆಕ್ಕ ಬರೆದುಕೊಟ್ಟರು. ಬುಟ್ಟಿಯಲ್ಲಿದ್ದ ರಂಬುಟಾನ್ ಹಣ್ಣುಗಳಲ್ಲಿ ಐದನೇ ಎರಡು ಭಾಗ ಮಾರಾಟವಾಯಿತು. ಉಳಿದದ್ದರಲ್ಲಿ ಮೂರನೇ ಒಂದು ಭಾಗ ಕೊಳೆಯಿತು. ಈಗ ನಲವತ್ತೆಂಟು ಹಣ್ಣಿವೆ. ಮೊದಲು ಎಷ್ಟಿದ್ದವು?

ರುಸ್ನಾ ತಲೆಕೆಳಗಾಗಿಯೇ ಓದಿದಳು. ಉತ್ತರ ಆಗಲೇ ಅವಳ ನಾಲಿಗೆಯ ತುದಿಯಲ್ಲಿತ್ತು. ನೂರಿಪ್ಪತ್ತು. ತುಟಿ ಕಚ್ಚಿಕೊಂಡಳು.

ದಲೀಲಾ ಒಂದು ಸಾಲು ಬರೆದು ತಲೆಯೆತ್ತಿ ತಾಯಿಯ ಮುಖ ನೋಡಿದಳು. ರುಸ್ನಾಳ ಹುಬ್ಬು ತಾನಾಗಿ ಗಂಟಿಕ್ಕಿತು. ಹುಡುಗಿ ತಕ್ಷಣ ಅಳಿಸಿದಳು. ಇನ್ನೊಂದು ಸಾಲು ಬರೆದಳು, ಮತ್ತೆ ತಲೆಯೆತ್ತಿದಳು. ಈ ಸಲ ಹುಬ್ಬು ಸಡಿಲವಾಯಿತು. ಅದನ್ನು ಕಂಡು ಮುಂದುವರಿದಳು. ಹಾಳೆಯ ಮೇಲಿನ ಲೆಕ್ಕವನ್ನು ಅವಳು ಒಂದು ಸಲಕ್ಕಿಂತ ಹೆಚ್ಚು ಓದಲೇ ಇಲ್ಲ. ಅವಳು ಓದುತ್ತಿದ್ದುದು ತಾಯಿಯ ಮುಖವನ್ನು.

ಇಷ್ಟು ವರ್ಷ ಹೊಲಿಗೆ ಯಂತ್ರದ ಪಕ್ಕ ನಡೆದದ್ದೂ ಇದೇ ಎಂಬುದು ರುಸ್ನಾಗೆ ಆಗ ಹೊಳೆಯಿತು.

ಅವಳು ಎದ್ದಳು. ಕುರ್ಚಿಯನ್ನು ತಿರುಗಿಸಿ, ಮಗಳಿಗೆ ಬೆನ್ನು ಹಾಕಿ, ಅಂಗಳದ ಕಡೆ ಮುಖ ಮಾಡಿ ಕುಳಿತಳು.

"ಮಾಕ್? ಯಾಕೆ ಆ ಕಡೆ ತಿರುಗಿದೆ? ಮೊದಲನೇ ಸಾಲು ಸರಿ ಇದೆಯಾ ಹೇಳು."

"ನನಗೆ ಗೊತ್ತಿಲ್ಲ."

"ಗೊತ್ತಿಲ್ವಾ? ನಿನಗೆ ಗೊತ್ತಿಲ್ಲದ್ದು ಅಂತ ಇದೆಯಾ?"

"ಇದೆ. ಇದೇ ಲೆಕ್ಕ."

"ಸುಳ್ಳು! ಬೇಕಂತಲೇ ಮಾಡ್ತಿದ್ದೀಯ. ಯಾವಾಗ್ಲೂ ಹೇಳ್ತಿದ್ದೆ, ಇವತ್ಯಾಕೆ ಹೇಳಲ್ಲ?" ಹುಡುಗಿ ಪೆನ್ಸಿಲನ್ನು ಮೇಜಿಗೆ ಕುಕ್ಕಿದಳು. ಅತ್ತಳು. ಯಾರೂ ಸಮಾಧಾನ ಮಾಡಲಿಲ್ಲ. ರುಸ್ನಾಳ ಕೈಗಳು ಮಡಿಲಲ್ಲಿ ಒಂದನ್ನೊಂದು ಹಿಡಿದುಕೊಂಡಿದ್ದವು, ಬಿಟ್ಟರೆ ಓಡಿಹೋಗುತ್ತವೆ ಎಂಬಂತೆ. ಎಷ್ಟೋ ಹೊತ್ತಿನ ಮೇಲೆ ಮೂಗು ಎಳೆದುಕೊಂಡ ಸದ್ದು ಕೇಳಿತು. ಆಮೇಲೆ ಪೆನ್ಸಿಲ್ ಗೀರಿದ ಸದ್ದು. ನಿಂತಿತು. ಮತ್ತೆ ಗೀರಿತು. ಬುಟ್ಟಿಯ ಚಿತ್ರವೊಂದನ್ನು ಬರೆದು, ಅದನ್ನು ಭಾಗ ಮಾಡುತ್ತ ಅವಳು ತನ್ನಷ್ಟಕ್ಕೆ ಗೊಣಗತೊಡಗಿದ್ದಳು.

ಹೊರಗಿನಿಂದ ಇಫ್ಫಾ ಇಣುಕಿದಳು. "ಏಯ್, ಊಟದ ಗಂಟೆ ಹೊಡೀತು. ನಿಜವಾಗ್ಲೂ ಹೋಗ್ತೀಯೇನೇ?"

"ತಡಿ, ಇದೊಂದು ಮುಗಿಸ್ತೀನಿ!" ದಲೀಲಾ ಸಿಡುಕಿದಳು. ಕೊನೆಗೆ ಎದ್ದು ಹಾಳೆಯನ್ನು ಚಿಕ್ಗು ಕಡೆ ಚಾಚಿದಳು, ಅವರು ಕೈ ನೀಡುವಷ್ಟರಲ್ಲಿ ಹಿಂದಕ್ಕೆಳೆದುಕೊಂಡಳು. "ಬೇಡ, ಈಗಲೇ ನೋಡಿ ಹೇಳ್ಬೇಡಿ. ಸಂಜೆ ಓದೋ ಹೊತ್ತಲ್ಲಿ ನಾನೇ ಇನ್ನೊಂದ್ಸಲ ತಾಳೆ ನೋಡ್ತೀನಿ."

ತಾಯಿಯ ಮೇಲಿನ ಕೋಪ ಇನ್ನೂ ಇಳಿದಿರಲಿಲ್ಲ. ಅವಳು ತಂದಿದ್ದ ಊಟದ ಡಬ್ಬಿ ಮಾತ್ರ ತೆಗೆದುಕೊಂಡು, ಇಫ್ಫಾಳ ಜೊತೆ ಊಟದ ಮನೆ ಕಡೆ ನಡೆದಳು. ಬಟ್ಟೆಯ ಚೀಲ ಬೆಂಚಿನ ಮೇಲೇ ಉಳಿಯಿತು. ಫೌಜಿಯಾ ಅದನ್ನೆತ್ತಿ ಹಾಸ್ಟೆಲ್ಲಿನ ಬಾಗಿಲ ಒಳಗಿಟ್ಟರು. ರುಸ್ನಾ ಅದನ್ನು ಮರಳಿ ಕೇಳಲಿಲ್ಲ. ಹೊರಡುವಾಗ ತಲೆಬಾಗಿ ಅವರ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು ಬಿಟ್ಟಳು.

ಮಗಳಿಲ್ಲದೆ ಬಂದ ಅವಳನ್ನು ಕಂಡು ಬಹಾರಿನ್ ವ್ಯಾನ್ ಹೊರಡಿಸಿದ. ಇಳಿಜಾರಿನ ಮೊದಲ ತಿರುವಿನಲ್ಲಿ ರುಸ್ನಾಗೆ ತಡೆಯಲಾಗಲಿಲ್ಲ.

"ತಪ್ಪು ಮಾಡಿದ್ದಾಳೆ, ಅಬಾಂಗ್! ಹಾಳೆ ಚಾಚಿದಾಗ ಕಣ್ಣಿಗೆ ಬಿತ್ತು. ನೂರೆಂಬತ್ತು ಅಂತ ಬರೆದಿದ್ದಾಳೆ! 'ಉಳಿದದ್ದರಲ್ಲಿ' ಅಂತ ಇಷ್ಟು ದಪ್ಪಕ್ಷರದಲ್ಲಿ ಬರೆದಿದ್ರು. ಇವಳು ಇಡೀ ಬುಟ್ಟಿಯ ಮೂರನೇ ಒಂದು ಭಾಗ ಕಳೆದಿದ್ದಾಳೆ. ಅಯ್ಯೋ, ಇನ್ನೊಂದೇ ಮಾತು. ಒಂದೇ ಒಂದು ಮಾತು ಹೇಳಿದ್ರೆ ಸಾಕಿತ್ತು!"

ಬಹಾರಿನ್ ರಸ್ತೆಯ ಬದಿಗೆ ಸರಿಸಿ ವೇಗ ತಗ್ಗಿಸಿದ. "ಗಾಡಿ ತಿರುಗಿಸ್ಲಾ?"

ರುಸ್ನಾ ಹಿಂದೆ ತಿರುಗಿ ನೋಡಿದಳು. ಮರಗಳ ನಡುವೆ ಹಾಸ್ಟೆಲ್ಲಿನ ಕೆಂಪು ಛಾವಣಿ ಇನ್ನೂ ಕಾಣುತ್ತಿತ್ತು.

"ಬೇಡ," ಎಂದಳು. "ನಡೀರಿ ಬೇಗ. ನಾನು ಮನಸ್ಸು ಬದಲಾಯಿಸೋ ಮುಂಚೆ ನಡೀರಿ."