ಕೆಂಪು ದಾರದ ಚುಕ್ಕೆ

ಆಸ್ಪತ್ರೆ, ಹೋಟೆಲುಗಳ ಹಾಸುಬಟ್ಟೆ ಒಗೆದು ಇಸ್ತ್ರಿ ಮಾಡುವ ಕಾರ್ಖಾನೆ ನಮ್ಮದು. ಮಡಿಸಿದ ಕಟ್ಟಿಗೆ ಅವರವರ ಬಣ್ಣದ ದಾರ ಬಿಗಿಯಬೇಕು. ಸಂಜೆ ದಾರ ನೋಡಿ ಲೆಕ್ಕ. ಅಕ್ಕನದು ಹಸಿರು, ನನ್ನದು ನೀಲಿ, ಚಿಕ್ಕಮ್ಮನದು ಕೆಂಪು. ತಾಯಿಯಿಲ್ಲದ ನಮ್ಮಿಬ್ಬರನ್ನು ಸಾಕಿದವಳು ಚಿಕ್ಕಮ್ಮ. ಇಸ್ತ್ರಿಕೋಣೆಯಲ್ಲಿ ಅವಳಷ್ಟು ಹಳಬರಿಲ್ಲ. ಈಚೆಗೆ ಅವಳ ತೋಳು ಮೇಲೇಳುತ್ತಿರಲಿಲ್ಲ.

ಹೊಸ ಮ್ಯಾನೇಜರನಿಗೆ ನಾವಿಟ್ಟ ಹೆಸರು ಸ್ಕೇಲು. ಆಳೂ ಹಾಗೇ, ಬುದ್ಧಿಯೂ ಹಾಗೇ. ಬಂದವನೇ ಗೋಡೆಗೊಂದು ಹಾಳೆ ಅಂಟಿಸಿದ. ಅಡ್ಡಕ್ಕೆ ಸೇವೆಯ ವರ್ಷ, ಉದ್ದಕ್ಕೆ ಕಟ್ಟುಗಳು, ತಲೆಗೊಂದು ಚುಕ್ಕೆ.

"ತಿಂಗಳ ಕೊನೆಗೆ ಕಂಪ್ಯೂಟರ್ ಇದರ ನಡುವೆ ಗೆರೆ ಎಳೆಯತ್ತೆ. ಗೆರೆಯಿಂದ ತೀರಾ ಕೆಳಗೆ ಬಿದ್ದವರು ಮನೆಗೆ."

ಯಾರು ಬೀಳುತ್ತಾರೆಂದು ಎಲ್ಲರಿಗೂ ಗೊತ್ತಿತ್ತು.

"ನಾವಿದ್ದೂ ಚಿಕ್ಕಮ್ಮ ಬೀಳೋದಾ? ಎತ್ತೋಣ ಕಣ್ರೋ," ಎಂದಳು ಅಕ್ಕ. ಕೆಂಪು ದಾರ ತುಂಡರಿಸಿ ಎಲ್ಲರಿಗೂ ಹಂಚಿದಳು. ಗೆರೆ ಎಲ್ಲಿ ಬೀಳುತ್ತದೋ ಯಾರಪ್ಪನಿಗೆ ಗೊತ್ತು, ಇನ್ನೊಂದಿರಲಿ ಎಂದು ಎಲ್ಲರೂ ತಮ್ಮ ಕಟ್ಟಿಗೆ ಕೆಂಪು ದಾರ ಬಿಗಿದರು. ಎಲ್ಲರಿಗಿಂತ ಹೆಚ್ಚು ಬಿಗಿದವಳು ಅಕ್ಕ.

ತಿಂಗಳ ಕೊನೆ. ಚಿಕ್ಕಮ್ಮನ ಚುಕ್ಕೆ ಬಲತುದಿಯಲ್ಲಿ, ಹಾಳೆಯ ನೆತ್ತಿಯಲ್ಲಿ ಕೂತಿತ್ತು. ಹಸುವಿನ ಹಿಂದೆ ಕರು ಓಡುವ ಹಾಗೆ ಗೆರೆಯೂ ಅದರ ಹಿಂದೆ ಮೇಲಕ್ಕೆ ಓಡಿತ್ತು. ಅಕ್ಕನ ಚುಕ್ಕೆ ಗೆರೆಯ ಕೆಳಗೆ, ಪಾತಾಳದಲ್ಲಿ.

"ಸಹಸಂಬಂಧ ಸೊನ್ನೆ ಪಾಯಿಂಟ್ ಎಂಟು," ಎಂದ ಸ್ಕೇಲು. "ಅಂದ್ರೆ ಹಳಬರಾದಷ್ಟೂ ಕೆಲಸ ಜಾಸ್ತಿ. ನಿಮ್ಮಕ್ಕನೂ ಹಳಬಳೇ, ಕೆಲಸ ಮಾತ್ರ ಕಮ್ಮಿ."

"ಸಾರ್, ಆ ಮೇಲಿನ ಒಂದು ಚುಕ್ಕೆ ತೆಗೆದು ನೋಡಿ," ಎಂದೆ.

ತೆಗೆದ. ಗೆರೆ ಚಾಪೆಯ ಹಾಗೆ ಮಲಗಿತು. ಎಂಟು ಹೋಗಿ ಸೊನ್ನೆಯ ಹತ್ತಿರಕ್ಕೆ ಬಂತು. ಈಗ ಅಕ್ಕ ಗೆರೆಯ ಹತ್ತಿರವೇ ಇದ್ದಳು.

ಅವನು ನಕ್ಕ. "ಹೀಗೇ ಬಿಡ್ತೀನಿ. ಆದ್ರೆ ಯಾಕೆ ತೆಗೀಬೇಕು ಅಂತ ನೀನೇ ಬಾಯಿಬಿಟ್ಟು ಹೇಳು. ಆ ಚುಕ್ಕೆ ಸುಳ್ಳಾ?"

ನನ್ಮಗನಿಗೆ ಎಲ್ಲ ಗೊತ್ತಿತ್ತು. ಸುಳ್ಳು ಎಂದರೆ ಚಿಕ್ಕಮ್ಮ ಮನೆಗೆ, ನಿಜ ಎಂದರೆ ಅಕ್ಕ. ನಾನು ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮನ ಮುಖ ನೋಡಿದೆ.

"ಯಾರು ಏನು ಕಟ್ಟಿದ್ರೋ ನಂಗೇನು ಗೊತ್ತು ಸಾರ್," ಎಂದಳು. "ದಾರ ನಂದು, ಕಟ್ಟು ನಂದು."

ಪಕ್ಕದಲ್ಲಿದ್ದ ಅಕ್ಕ, ಹೇಳಬೇಡ ಎನ್ನುವಂತೆ ನನ್ನ ಕೈ ಹಿಡಿದು ಅದುಮಿದಳು. ಸ್ಕೇಲು ಚುಕ್ಕೆಯನ್ನು ವಾಪಸ್ಸು ಇಟ್ಟ. ಅಕ್ಕ ಹಸಿರು ದಾರದ ಉಂಡೆಯನ್ನು ಮೇಜಿನ ಮೇಲೆ ಬಿಟ್ಟು ಹೋದಳು.

ಮರುದಿನ ಮಧ್ಯಾಹ್ನವಾದರೂ ಚಿಕ್ಕಮ್ಮನ ಮುಂದೆ ಮೂರೇ ಕಟ್ಟು. ಬೆವರು ಒರೆಸಿಕೊಂಡು ನನ್ನತ್ತ ತಿರುಗಿದಳು.

"ಮಗಾ, ನಿಂದೆರಡು ಈ ಕಡೆ ಹಾಕೋ. ಈ ತಿಂಗಳೂ ಅಷ್ಟೇ ಎತ್ತರ ಬರಬೇಕಂತೆ."

ಕೋಣೆಯಲ್ಲಿ ಯಾರೂ ತಲೆ ಎತ್ತಲಿಲ್ಲ. ನಾನು ನನ್ನ ಕಟ್ಟಿಗೆ ನೀಲಿ ದಾರ ಸುತ್ತಿ, ಬೆರಳು ಕೆಂಪಾಗುವಷ್ಟು ಎಳೆದು ಗಂಟು ಹಾಕಿದೆ.