ಕಾಂಕ್ರೀಟ್ ಚಾಪೆಯ ಕೆಳಗೆ

“ಕತ್ತರಿಸ್ಬೇಡ, ಕತ್ತಿ ಕೆಳಗಿಡು!” ಮೇಸ್ತ್ರಿ ಓಡಿಬಂದು ಗುಂಡಿ ತೋಡುವವನ ಕೈ ಹಿಡಿದುಕೊಂಡ.

ಸ್ಮಶಾನದ ಅಂಚಿನಿಂದ ಹೊಳೆಯವರೆಗೆ ಇಳಿಜಾರಿಗೆ ಹಾಸಿದ್ದ ಕಾಂಕ್ರೀಟ್ ಚಾಪೆ ಅದು. ಅಂಗೈಯಗಲದ ಬಿಲ್ಲೆಗಳನ್ನು ಗಟ್ಟಿ ಬಲೆಗೆ ಕೂರಿಸಿ, ಮಣ್ಣು ಕೊಚ್ಚಿಹೋಗದಂತೆ ಹೊದಿಸಿದ್ದರು. ಸಂದಿಗಳಲ್ಲಿ ಹುಲ್ಲು ಬೆಳೆದಿತ್ತು. ಮೇಸ್ತ್ರಿಯ ಜೊತೆ ಸೇರಿ ಅದನ್ನು ಹಾಸಿದವನು ಈಗ ಪಕ್ಕದಲ್ಲೇ ಪೆಟ್ಟಿಗೆಯಲ್ಲಿ ಮಲಗಿದ್ದ.

“ಕತ್ತರಿಸು ಅಂದಿದ್ದು ನಾನು,” ಅಂದಳು ಅವನ ಹೆಂಡತಿ. “ಮಗಳು ಇದರಡಿ ಇದಾಳೆ. ಅವರನ್ನ ಅವಳ ಪಕ್ಕದಲ್ಲೇ ಮಲಗಿಸ್ಬೇಕು.”

“ಅತ್ತಿಗೆ, ಮೇಲಂಚು ಮಣ್ಣಲ್ಲಿ ಹೂತಿದ್ರೇನೇ ಚಾಪೆ ನಿಲ್ಲೋದು. ಅಲ್ಲಿ ಕತ್ತರಿಸಿದ್ರೆ ಮುಂದಿನ ಮಳೆಗೆ ಇಡೀ ದಂಡೆ ಜಾರತ್ತೆ.”

“ಜಾರ್ಲಿ. ಬದುಕಿದ್ದಾಗ ಒಂದು ದಿನ ಮಗಳ ಹತ್ರ ಕೂತವರಲ್ಲ. ಈಗಲಾದ್ರೂ ಇರ್ಲಿ.”

ಮಾತಿನಲ್ಲಿ ಅವಳನ್ನು ಗೆದ್ದವರಿಲ್ಲ. ಗಂಡನಂತೂ ಆ ಸಾಹಸಕ್ಕೇ ಕೈಹಾಕಿರಲಿಲ್ಲ. ಪ್ರತಿ ಭಾನುವಾರ ಅವಳು ಚಾಪೆಯ ಮೇಲೆ ಬಾಗಿ, ಬಿಲ್ಲೆಗಳ ಸಂದಿಗೆ ಬಾಯಿಟ್ಟು ಮಗಳಿಗೆ ಮನೆಯ ಸುದ್ದಿಯೆಲ್ಲ ಹೇಳುತ್ತಿದ್ದಳು. ಕೆಲವು ಸಂಜೆ ಕೆಳಗಿನಿಂದ ಉತ್ತರವೂ ಬರುತ್ತದೆ ಅನ್ನುತ್ತಿದ್ದಳು. ಅವನು ಮಾತ್ರ ಗೇಟಿನ ಬಳಿಯೇ ನಿಂತಿರುತ್ತಿದ್ದ. ಕಲ್ಲೆದೆಯವನು ಎಂದು ಅವನ ಮುಖಕ್ಕೇ ಹೇಳಿದ್ದಳು. ಮರುವಾರವೂ ಅವನು ಗೇಟು ದಾಟಿರಲಿಲ್ಲ.

*

ಮಗಳನ್ನು ಮಣ್ಣು ಮಾಡಿ ವರ್ಷ ತುಂಬುವ ಮೊದಲೇ ಹೊಳೆ ಉಕ್ಕಿ ದಂಡೆ ಕುಸಿದಿತ್ತು. ಸುದ್ದಿ ಕೇಳಿ ಅವಳು ಅನ್ನ ಬಿಟ್ಟು ಹಾಸಿಗೆ ಹಿಡಿದಳು. ಅವನು ಮನೆಗೆ ಬಂದಾಗ ಅಂಗಿಯ ಕೆಸರು ಇನ್ನೂ ಹಸಿಯಾಗಿತ್ತು.

“ಪುಟ್ಟಿ?” ಎಂದು ಕೇಳಿದಳು.

“ಇದಾಳೆ. ಮೇಲೆ ಚಾಪೆ ಹೊದಿಸಿ ಬಂದಿದೀನಿ. ಇನ್ನು ಎಲ್ಲಿಗೂ ಹೋಗಲ್ಲ.”

ಆ ರಾತ್ರಿ ಅವಳು ಎದ್ದು ಕೂತು ಊಟ ಮಾಡಿದಳು.

*

“ಕೊಡಿಲ್ಲಿ, ನಾನೇ ಕತ್ತರಿಸ್ತೀನಿ.” ಅವಳು ಕತ್ತಿ ಕಿತ್ತುಕೊಂಡಳು.

ಮೇಸ್ತ್ರಿ ಅಲ್ಲೇ ಕುಕ್ಕರಿಸಿದ. “ಅತ್ತಿಗೆ... ಇದರಡಿ ಯಾರೂ ಇಲ್ಲ. ನಾವು ಬರೋ ಹೊತ್ತಿಗೇ ಹೊಳೆ ಎಲ್ಲಾ ತಗೊಂಡು ಹೋಗಿತ್ತು. ಲಾರಿಯಲ್ಲಿ ಹೊಸ ಮಣ್ಣು ತರಿಸಿ, ಅದರ ಮೇಲೆ ಹಾಸಿದ್ವಿ. ನಿಮಗೆ ಹೇಳ್ಬೇಡ ಅಂತ ಅಣ್ಣ ನನ್ನ ಕೈ ಹಿಡ್ಕೊಂಡು ಅತ್ತ. ನಿಮ್ಮ ಪಕ್ಕ ಕೂತ್ರೆ ಎಲ್ಲಿ ಬಾಯಿಬಿಟ್ಬಿಡ್ತೀನೋ ಅಂತ ಗೇಟಲ್ಲೇ ನಿಲ್ತಿದ್ದ.”

ಬಂದವರೆಲ್ಲ ತಲೆ ತಗ್ಗಿಸಿದರು. ಅವಳು ಪೆಟ್ಟಿಗೆಯನ್ನೊಮ್ಮೆ, ಹುಲ್ಲಿನ ಸಂದಿಗಳನ್ನೊಮ್ಮೆ ನೋಡಿದಳು.

“ಹಾಗಾದ್ರೆ ನನ್ನ ಜೊತೆ ಮಾತಾಡಿದ್ದು ಯಾರು?”

ಅವಳು ಕತ್ತಿ ಹಿಂದಿರುಗಿಸಿದಳು. “ಚಾಪೆಯಿಂದ ಈಚೆ ತೋಡಿ. ಅವರು ಹಾಕಿದ್ದು ಹಾಗೇ ಉಳೀಲಿ.”

ಗುಂಡಿ ಮುಚ್ಚಿದ ಮೇಲೆ ಅವಳು ಚಪ್ಪಲಿ ಬಿಟ್ಟು, ಬಿಲ್ಲೆಗಳ ಮೇಲೆ ಹೆಜ್ಜೆಯಿಡುತ್ತಾ ನೀರಿನವರೆಗೆ ಇಳಿದಳು. ಹೊಳೆ ಹರಿದುಹೋಗುವ ಕಡೆಗೆ ತಿರುಗಿ, ಆಟಕ್ಕೆ ಹೋದ ಮಗುವನ್ನು ಊಟಕ್ಕೆ ಕರೆಯುವಂತೆ ಗಟ್ಟಿಯಾಗಿ ಕೂಗಿದಳು:

“ಪುಟ್ಟೀ, ಅಪ್ಪ ಬಂದಿದಾರೆ, ಬಾರೇ!”

ದಂಡೆಯ ಮೇಲೆ ನಿಂತವರು ತಮಗರಿವಿಲ್ಲದೆಯೇ ಉತ್ತರಕ್ಕೆ ಕಿವಿಗೊಟ್ಟರು.